ಕರುಣೆಯ ಬಳಗ ಕಟ್ಟುವವರ ಕಲಿಕೆ

ದೀರ್ಘಕಾಲದ ಕಾಯಿಲೆಯಿಂದ ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲಿಯೇ ನೋಡಿಕೊಳ್ಳುವ ಹೊಣೆಯಲ್ಲಿ ಮನೆಯವರ ಜೊತೆ ಪಾಲು ಪಡೆಯಲೆಂದು ನೆರೆಹೊರೆಯ ಹತ್ತು ಹದಿನೈದು ಜನ ಒಟ್ಟುಗೂಡಿ, ವಾರದಲ್ಲಿ ಒಂದಿಷ್ಟು ಹೊತ್ತನ್ನು ಅದಕ್ಕೆಂದೇ ತೆಗೆದಿರಿಸಿ, ಕೆಲಸವನ್ನು ತಮ್ಮೊಳಗೆ ಹಂಚಿಕೊಂಡು ನಡೆಸುವ ಗುಂಪನ್ನು ಕರುಣೆಯ ಬಳಗ ಎಂದು ಕರೆಯಬಹುದು. ಜಗತ್ತಿನ ಹಲವೆಡೆ ಬೇರೆ ಬೇರೆ ಹೆಸರಿನಲ್ಲಿ ಇಂಥ ಗುಂಪುಗಳಿವೆಯಾದರೂ ಅವು ದಟ್ಟವಾಗಿ ಹಬ್ಬಿ, ಊರಿನ ಬದುಕಿನ ಭಾಗವೇ ಆಗಿ, ಮುಂದೆ ಒಂದು ರಾಜ್ಯದ ಆರೋಗ್ಯ ನೀತಿಗೆ ದಾರಿ ಮಾಡಿಕೊಟ್ಟದ್ದು ಕರ್ನಾಟಕದ ಮಗ್ಗುಲಲ್ಲಿರುವ ಉತ್ತರ ಕೇರಳದಲ್ಲಿ. ಕಲ್ಲಿಕೋಟೆ, ಮಲಪ್ಪುರಂ, ವಯನಾಡು ಮೊದಲಾದ ಜಿಲ್ಲೆಗಳಲ್ಲಿ ಕಳೆದ ಕಾಲು ಶತಮಾನದಲ್ಲಿ ನಡೆದ ಈ ಕೆಲಸವನ್ನು ನೋಡಿದ ಹೊರಗಿನವರು ಬಹುವಾಗಿ ಮೆಚ್ಚಿಕೊಳ್ಳುವುದು ಅಲ್ಲಿಯ ಜನರ ಉದಾರ ಮನಸ್ಸನ್ನು. ಆದರೆ ಅದಕ್ಕಿಂತ ಹೆಚ್ಚಾಗಿ ಅಭ್ಯಾಸ ಮಾಡಬೇಕಾದದ್ದು ಬಳಗ ಕಟ್ಟಲು ಮುಂದೆ ಬಂದವರಿಗೆ ಅಲ್ಲಿ ಕೊಟ್ಟ ತರಬೇತಿಯನ್ನು ಮತ್ತು ತರಬೇತಿ ಮುಗಿದ ಮೇಲೆ ಅವರ ಬೆನ್ನಿಗೆ ನಿಂತ ವ್ಯವಸ್ಥೆಯನ್ನು. ಕಾಯಿಲೆಯವರನ್ನು ಕಂಡು ಮರುಗುವವರಿಗೆ ಯಾವ ಊರಿನಲ್ಲೂ ಕೊರತೆಯಿಲ್ಲ. ಆ ಮರುಕವನ್ನು ಹತ್ತಿಪ್ಪತ್ತು ವರ್ಷ ನಿಲ್ಲುವ ಕೆಲಸವಾಗಿ ಮಾರ್ಪಡಿಸಬಲ್ಲವರನ್ನು ತಯಾರು ಮಾಡುವುದು ಮಾತ್ರ ಕಷ್ಟದ ಕೆಲಸ, ಮತ್ತು ಅದನ್ನು ಕಲಿಸಲು ಸಾಧ್ಯವಿದೆ ಎಂಬುದನ್ನು ಕೇರಳ ತೋರಿಸಿಕೊಟ್ಟಿದೆ.

ಈ ಪ್ರಯತ್ನ ಆರಂಭವಾದದ್ದು ಆಸ್ಪತ್ರೆಯೊಳಗೆ. 1993ರಲ್ಲಿ ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ತಜ್ಞರಾಗಿದ್ದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಕೆಲವು ಸಮಾನಮನಸ್ಕರೊಡನೆ ಸೇರಿ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ, ಮುಖ್ಯವಾಗಿ ಕ್ಯಾನ್ಸರ್ ರೋಗಿಗಳ ನೋವಿಗೆ ಔಷಧ ಕೊಡುವ ಹೊರರೋಗಿ ಚಿಕಿತ್ಸಾಲಯವೊಂದನ್ನು ತೆರೆದರು. ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ, ಎಂಬುದು ಜೀವಕ್ಕೆ ಅಪಾಯ ತರುವ ಕಾಯಿಲೆಯಲ್ಲಿ ರೋಗವನ್ನು ಗುಣಪಡಿಸುವುದು ಕೈಮೀರಿದಾಗಲೂ ನೋವು, ಉಸಿರಾಟದ ತೊಂದರೆ, ವಾಕರಿಕೆ, ಹುಣ್ಣು, ಭಯ, ಒಂಟಿತನ ಇವುಗಳನ್ನು ತಗ್ಗಿಸಿ, ರೋಗಿ ಮತ್ತು ಅವರ ಮನೆಯವರು ಉಳಿದ ದಿನಗಳನ್ನು ಸಾಧ್ಯವಾದಷ್ಟು ನೆಮ್ಮದಿಯಿಂದ ಕಳೆಯುವಂತೆ ಮಾಡುವ ವೈದ್ಯಕೀಯ ಶಾಖೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಈ ಶಾಖೆಗೆ ಇಂದಿನ ರೂಪ ಕೊಟ್ಟವರು. ತಮ್ಮ ಜೀವಿತದಲ್ಲಿ ದಾದಿಯಾಗಿ, ಸಮಾಜ ಕಾರ್ಯಕರ್ತೆಯಾಗಿ, ವೈದ್ಯೆಯಾಗಿ ಮೂರೂ ಕೆಲಸ ಮಾಡಿದ್ದ ಅವರು, ಸಾವಿನ ಹತ್ತಿರ ಇರುವ ಮನುಷ್ಯನ ನೋವಿನಲ್ಲಿ ದೇಹದ ಪಾಲು, ಮನಸ್ಸಿನ ಪಾಲು, ಸಂಸಾರ ಮತ್ತು ಹಣದ ಚಿಂತೆಯ ಪಾಲು, ಬದುಕಿನ ಅರ್ಥವನ್ನು ಕುರಿತ ಕಳವಳದ ಪಾಲು ಎಲ್ಲವೂ ಬೆರೆತಿರುತ್ತವೆಯೆಂದೂ ಅವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಲಾಗದೆಂದೂ ವಾದಿಸಿದರು; ಇದನ್ನು ಸಮಗ್ರ ನೋವಿನ ಪರಿಕಲ್ಪನೆ ಎನ್ನುತ್ತಾರೆ.

ಭಾರತದಲ್ಲಿ ಇದರ ಮೊದಲ ಪಾಲಿಗೆ, ಅಂದರೆ ದೇಹದ ನೋವಿಗೆ, ಮದ್ದು ಸಿಗುವುದೇ ಆಗ ದುಸ್ತರವಾಗಿತ್ತು. ತೀವ್ರ ಕ್ಯಾನ್ಸರ್ ನೋವಿಗೆ ಬೇಕಾದ ಮಾರ್ಫಿನ್ ಅಫೀಮಿನಿಂದ ತಯಾರಾಗುವ ಔಷಧ. ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳಿಗೆ ಕಳಿಸುವ ಈ ದೇಶದಲ್ಲಿ, 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆ ಜಾರಿಗೆ ಬಂದ ಮೇಲೆ, ಹಲವು ಇಲಾಖೆಗಳ ಪರವಾನಗಿಗಳ ಜಂಜಾಟಕ್ಕೆ ಹೆದರಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟ ಕಾರಣ, ಮುಂದಿನ ಹನ್ನೆರಡು ವರ್ಷಗಳಲ್ಲಿ ಅದರ ವೈದ್ಯಕೀಯ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿದಿತ್ತು. ರಾಜಗೋಪಾಲ್ ಮತ್ತು ಅವರ ಸಂಗಡಿಗರು ಈ ಕಾನೂನಿನ ತಿದ್ದುಪಡಿಗಾಗಿ ದೀರ್ಘಕಾಲ ಹೋರಾಡಿದರು. 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು.

ಆದರೆ ಅದಕ್ಕೂ ಮೊದಲೇ, ಕಲ್ಲಿಕೋಟೆಯ ಚಿಕಿತ್ಸಾಲಯಕ್ಕೆ ಔಷಧ ದೊರೆತ ಮೇಲೂ, ಒಂದು ತೊಡಕು ಉಳಿದೇ ಇತ್ತು. ಮಾರ್ಫಿನ್ ಮಾತ್ರೆಯಿಂದ ನೋವು ಇಳಿದ ರೋಗಿ ಹಿಂದಿರುಗುತ್ತಿದ್ದುದು ದುಡಿಯುವ ಕೈ ಬಿದ್ದುಹೋಗಿ ಅಕ್ಕಿಗೂ ತತ್ವಾರವಾದ ಮನೆಗೆ. ಮಕ್ಕಳು ಶಾಲೆ ಬಿಟ್ಟಿರುತ್ತಿದ್ದರು, ಹೆಂಡತಿಗೆ ರಾತ್ರಿ ನಿದ್ದೆಯಿರುತ್ತಿರಲಿಲ್ಲ, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಿದ್ದರು. ಹಾಸಿಗೆಯಿಂದ ಏಳಲಾರದವರಂತೂ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬರುವ ಮಾತೇ ಇರಲಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಯುವಕರು, ಲಕ್ವ ಹೊಡೆದ ವೃದ್ಧರು, ಮೂತ್ರಪಿಂಡ ಸೋತವರು, ಮರೆವಿನ ಕಾಯಿಲೆಯವರು ಇವರೆಲ್ಲರ ಸಂಕಟ ಕ್ಯಾನ್ಸರ್ ರೋಗಿಗಳ ಸಂಕಟಕ್ಕಿಂತ ಕಡಿಮೆಯದೇನೂ ಅಲ್ಲ, ಮೇಲಾಗಿ ಅದು ವರ್ಷಗಟ್ಟಲೆ ಎಳೆಯುವಂಥದು. ಇಷ್ಟೊಂದು ಮನೆಗಳನ್ನು ವರ್ಷಗಟ್ಟಲೆ ತಲುಪುವಷ್ಟು ವೈದ್ಯರನ್ನು ಯಾವ ಸರ್ಕಾರವೂ ಒದಗಿಸಲಾರದು. ಅಲ್ಲದೆ ಆ ಮನೆಗಳಿಗೆ ಬೇಕಾದದ್ದರಲ್ಲಿ ಬಹುಪಾಲು ವೈದ್ಯರು ಕೊಡಬಲ್ಲಂಥದೂ ಆಗಿರಲಿಲ್ಲ.

ಈ ಅರಿವಿನಿಂದ 2001ರ ಸುಮಾರಿಗೆ ರೂಪುಗೊಂಡದ್ದು ನೈಬರ್‌ಹುಡ್ ನೆಟ್‌ವರ್ಕ್ ಇನ್ ಪ್ಯಾಲಿಯೇಟಿವ್ ಕೇರ್, ಉಪಶಮನ ಆರೈಕೆಯ ನೆರೆಹೊರೆ ಜಾಲ. ವಾರಕ್ಕೆ ಕನಿಷ್ಠ ಎರಡು ಗಂಟೆಯನ್ನು ತನ್ನ ಊರಿನ ಕಾಯಿಲೆಯವರಿಗೆ ಕೊಡಲು ಸಿದ್ಧನಿರುವ ಯಾರೇ ಆದರೂ ಈ ಜಾಲಕ್ಕೆ ಹೆಸರು ಕೊಡಬಹುದಿತ್ತು. ಹಾಗೆ ಬಂದವರಿಗೆ 16 ಗಂಟೆಗಳ ಪಾಠ, ಪಾಠವೆನ್ನುವುದಕ್ಕಿಂತ ಪ್ರಶ್ನೋತ್ತರ ಮತ್ತು ಚರ್ಚೆ, ಅದರ ಮೇಲೆ ನಾಲ್ಕು ದಿನ ಅನುಭವಿಗಳ ಮೇಲ್ವಿಚಾರಣೆಯಲ್ಲಿ ರೋಗಿಗಳ ನಡುವೆ ಅಭ್ಯಾಸ, ಕೊನೆಯಲ್ಲಿ ಒಂದು ಮೌಲ್ಯಮಾಪನ. ಇಷ್ಟನ್ನು ಮುಗಿಸಿದವರು ತಮ್ಮ ಊರಿಗೆ ಮರಳಿ 10ರಿಂದ 15 ಜನರ ಗುಂಪು ಕಟ್ಟಿ, ಅಲ್ಲಿಯ ದೀರ್ಘ ರೋಗಿಗಳ ತೊಂದರೆಗಳನ್ನು ತಾವೇ ಗುರುತಿಸಿ, ಅದಕ್ಕೆ ಬೇಕಾದ ಏರ್ಪಾಟನ್ನು ತಾವೇ ಮಾಡಬೇಕೆಂದು ಹೇಳಿ ಕಳಿಸಲಾಗುತ್ತಿತ್ತು. ಇದನ್ನು ಪ್ರವೇಶದ ತರಬೇತಿ ಎಂದೇ ಪರಿಗಣಿಸಲಾಗಿತ್ತು ಎಂಬುದು ಗಮನಾರ್ಹ. ಹದಿನಾರು ಗಂಟೆಯಲ್ಲಿ ಯಾರೂ ಪಳಗಿಬಿಡುವುದಿಲ್ಲವೆಂಬ ಎಚ್ಚರ ಯೋಜನೆಯ ಒಳಗೇ ಇತ್ತು.

ಆ ಹದಿನಾರು ಗಂಟೆಗಳಲ್ಲಿ ಅತ್ಯಂತ ಪ್ರಯಾಸದಿಂದ ಕಲಿಯಬೇಕಾದದ್ದು ಕೇಳಿಸಿಕೊಳ್ಳುವುದನ್ನು. ಕಾಯಿಲೆಯವರ ಮನೆಗೆ ಹೋದ ಸಜ್ಜನರು ಅಭ್ಯಾಸಬಲದಿಂದ ಆಡುವ ಮಾತುಗಳು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ: ‘ಏನೂ ಆಗಲ್ಲ, ಎಲ್ಲ ಸರಿಹೋಗುತ್ತೆ’, ‘ಧೈರ್ಯವಾಗಿರಿ, ದೇವರಿದ್ದಾನೆ’, ‘ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು’, ‘ಇಂಥ ಕಡೆ ಒಬ್ಬರು ನಾಟಿ ವೈದ್ಯರಿದ್ದಾರೆ, ಒಮ್ಮೆ ತೋರಿಸಿ ನೋಡಿ’, ‘ಎಲ್ಲ ಹಣೆಬರಹ’. ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ಬರುವ ಮಾತುಗಳಾದರೂ ಪ್ರತಿಯೊಂದೂ ರೋಗಿ ಹೇಳಲು ಹೊರಟಿದ್ದ ಮಾತನ್ನು ಗಂಟಲಲ್ಲೇ ತಡೆಯುತ್ತದೆ. ತನ್ನ ಸ್ಥಿತಿ ಸರಿಹೋಗುವುದಿಲ್ಲವೆಂದು ಬಲ್ಲವನಿಗೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವುದೆಂದರೆ, ಈ ವಿಷಯವನ್ನು ನನ್ನೆದುರು ಎತ್ತಬೇಡ ಎಂದು ಸೌಮ್ಯವಾಗಿ ಹೇಳಿದಂತೆಯೇ. ಆದ್ದರಿಂದ ತರಬೇತಿಯಲ್ಲಿ ಇಬ್ಬರನ್ನು ರೋಗಿ ಮತ್ತು ಭೇಟಿಗೆ ಬಂದವರ ಪಾತ್ರದಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಉಳಿದವರು ಅದನ್ನು ನೋಡಿ, ಎಲ್ಲಿ ಮಾತು ಕಡಿಯಿತು, ಯಾರು ಯಾರ ಮಾತಿನ ನಡುವೆ ಬಾಯಿ ಹಾಕಿದರು, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಹೊರಡುವಂಥ ಪ್ರಶ್ನೆ ಯಾವುದಿತ್ತು, ಮನಸ್ಸು ಬಿಚ್ಚಲು ಎಡೆ ಕೊಡುವ ಪ್ರಶ್ನೆ ಯಾವುದಿತ್ತು ಎಂದು ಚರ್ಚಿಸುತ್ತಾರೆ. ಮೌನವನ್ನು ತುಂಬಿಸಲು ಅವಸರಪಡದೆ ಕುಳಿತಿರುವುದನ್ನೂ ಹೀಗೆಯೇ ಅಭ್ಯಾಸ ಮಾಡಿಸಬೇಕಾಗುತ್ತದೆ, ಏಕೆಂದರೆ ಊರಿನಲ್ಲಿ ಮುಂದಾಳುಗಳೆನಿಸಿಕೊಂಡವರಿಗೆ ಅತಿ ಕಷ್ಟವಾಗುವುದು ಇದೇ. ಪಂಚಾಯಿತಿ ಕಟ್ಟೆಯಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳಿ ರೂಢಿಯಾದವರು ಹಾಸಿಗೆಯ ಪಕ್ಕದಲ್ಲಿಯೂ ಬುದ್ಧಿ ಹೇಳಲೇ ತೊಡಗುತ್ತಾರೆ.

ಇನ್ನೊಂದು ಕಠಿಣ ಪಾಠ ಗುಟ್ಟಿಗೆ ಸಂಬಂಧಿಸಿದ್ದು. ಭಾರತದ ಕುಟುಂಬಗಳಲ್ಲಿ ರೋಗದ ಹೆಸರನ್ನು ರೋಗಿಗೆ ಹೇಳದೆ ಮುಚ್ಚಿಡುವುದು ಸಾಮಾನ್ಯ. ಬಾಗಿಲಲ್ಲೇ ತಡೆದು, ಅವರಿಗೆ ಏನೂ ಗೊತ್ತಿಲ್ಲ, ದಯವಿಟ್ಟು ಬಾಯಿ ಬಿಡಬೇಡಿ ಎಂದು ಮಗನೋ ಮಗಳೋ ಕೈಮುಗಿಯುವ ಸಂದರ್ಭ ಪ್ರತಿಯೊಬ್ಬ ಕಾರ್ಯಕರ್ತನಿಗೂ ಎದುರಾಗುತ್ತದೆ. ಬಹಳ ಸಲ ರೋಗಿಗೆ ಎಲ್ಲವೂ ತಿಳಿದಿರುತ್ತದೆ, ಮಕ್ಕಳಿಗೆ ನೋವಾಗಬಾರದೆಂದು ಆತನೂ ಅರಿಯದವನಂತೆ ಇರುತ್ತಾನೆ. ಒಂದೇ ಮನೆಯೊಳಗೆ ಎಲ್ಲರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಂಟಿಯಾಗಿ ನವೆಯುತ್ತಾರೆ. ಬಳಗದ ಕಾರ್ಯಕರ್ತ ಈ ಮೌನವನ್ನು ಬಲವಂತವಾಗಿ ಒಡೆಯಬಾರದು, ಸುಳ್ಳಿಗೆ ದನಿಗೂಡಿಸಲೂ ಬಾರದು. ಮನೆಯವರ ಭಯವನ್ನು ಮೊದಲು ಕೇಳಿ, ರೋಗಿ ತಾನಾಗಿ ಕೇಳಿದಾಗ ಏನು ಮಾಡುವಿರಿ ಎಂಬ ಪ್ರಶ್ನೆಯನ್ನು ಅವರ ಮುಂದಿಟ್ಟು, ಕಾಯಬೇಕು. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಆಡದಿರುವುದೂ ಇದೇ ಪಾಠದ ಭಾಗ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಒಬ್ಬ ಕಾರ್ಯಕರ್ತನ ಸಡಿಲ ನಾಲಿಗೆ ಇಡೀ ಬಳಗದ ಮೇಲಿನ ನಂಬಿಕೆಯನ್ನು ಒಂದೇ ದಿನದಲ್ಲಿ ಕೆಡಿಸಬಲ್ಲದು.

ಕೈಯಿಂದ ಮಾಡುವ ಕೆಲಸಗಳ ಕಲಿಕೆ ಇದಕ್ಕೆ ಹೋಲಿಸಿದರೆ ಸುಲಭ. ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವುದು, ಬಾಯಿಯನ್ನು ಶುಚಿ ಮಾಡುವುದು, ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮೈ ಒರೆಸಿ ಬಟ್ಟೆ ಬದಲಿಸುವುದು, ಮೂತ್ರದ ನಳಿಕೆ ಹಾಕಿದವರಲ್ಲಿ ಸೋಂಕಿನ ಲಕ್ಷಣ ಗುರುತಿಸುವುದು ಇವನ್ನೆಲ್ಲ ಕಾರ್ಯಕರ್ತರು ಕಲಿಯುವುದು ತಾವು ಮಾಡುವುದಕ್ಕಿಂತ ಹೆಚ್ಚಾಗಿ ಮನೆಯವರಿಗೆ ತೋರಿಸಿಕೊಡಲು. ತಾವು ಮಾಡಬಾರದ್ದು ಯಾವುದೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಕಲಿಸಲಾಗುತ್ತದೆ: ಔಷಧದ ಪ್ರಮಾಣವನ್ನು ಬದಲಿಸುವುದು, ಹೊಸ ಮದ್ದು ಸೂಚಿಸುವುದು, ರೋಗದ ಮುನ್ಸೂಚನೆ ಹೇಳುವುದು ವೈದ್ಯರು ಮತ್ತು ದಾದಿಯರ ಕೆಲಸ. ನಾಲ್ಕು ದಿನಗಳ ಅಭ್ಯಾಸದಲ್ಲಿ ಹೊಸಬರು ಅನುಭವಿ ದಾದಿಯ ಹಿಂದೆ ಮನೆಮನೆಗೆ ಹೋಗುತ್ತಾರೆ. ಪುಸ್ತಕದಲ್ಲಿ ಹಾಸಿಗೆ ಹುಣ್ಣಿನ ಚಿತ್ರ ನೋಡುವುದಕ್ಕೂ ಕೊಳೆತ ಗಾಯದ ವಾಸನೆ ತುಂಬಿದ ಕೋಣೆಯಲ್ಲಿ ಮುಖ ಕಿವುಚದೆ ಅರ್ಧ ಗಂಟೆ ಕುಳಿತು ಮಾತಾಡುವುದಕ್ಕೂ ಇರುವ ಅಂತರ ಆಗಲೇ ಅರಿವಾಗುವುದು. ಈ ಕೆಲಸ ತಮ್ಮಿಂದಾಗದು ಎಂದು ಆ ಹಂತದಲ್ಲಿ ಕೆಲವರಿಗೆ ತಿಳಿದರೆ ಅದೂ ತರಬೇತಿಯ ಸಫಲತೆಯೇ. ಅಂಥವರಿಗೆ ಹಣ ಸಂಗ್ರಹ, ಲೆಕ್ಕಪತ್ರ, ವಾಹನ ಹೊಂದಿಸುವುದು ಮೊದಲಾದ ಬೇರೆ ಕೆಲಸಗಳು ಬೇಕಾದಷ್ಟಿವೆ.

ಇಲ್ಲಿಯವರೆಗಿನದು ಸ್ವಯಂಸೇವಕನ ಕಲಿಕೆ. ಬಳಗ ಕಟ್ಟುವವನು ಇದರ ಮೇಲೆ ಇನ್ನೂ ಕೆಲವನ್ನು ಕಲಿಯಬೇಕು, ಮತ್ತು ಕೇರಳದ ಅನುಭವದಲ್ಲಿ ಬಳಗಗಳ ಅಳಿವು ಉಳಿವನ್ನು ನಿರ್ಧರಿಸಿದ್ದು ಈ ಎರಡನೆಯ ಕಲಿಕೆ. ಮೊದಲನೆಯದಾಗಿ ಊರಿನ ದೀರ್ಘ ರೋಗಿಗಳ ಪಟ್ಟಿ ಮಾಡುವುದು. ಯಾವ ಮನೆಯಲ್ಲಿ ಯಾರು ಎಷ್ಟು ಕಾಲದಿಂದ ಮಲಗಿದ್ದಾರೆ, ನೋಡಿಕೊಳ್ಳುವವರು ಯಾರು, ಅಕ್ಕಿಯ ಕೊರತೆಯಿದೆಯೇ, ಮಕ್ಕಳ ಓದು ನಿಂತಿದೆಯೇ ಎಂಬುದನ್ನು ಮನೆಮನೆ ಸುತ್ತಿ ತಿಳಿಯದೆ ನಡೆಸುವ ಬಳಗ ತನಗೆ ಗೊತ್ತಿದ್ದವರಿಗಷ್ಟೇ ನೆರವಾಗುತ್ತದೆ, ಬಡವರಲ್ಲಿ ಬಡವರು ಹಾಗೆಯೇ ಹೊರಗುಳಿಯುತ್ತಾರೆ. ಎರಡನೆಯದಾಗಿ ನಿರ್ಧಾರವನ್ನು ಹಂಚಿಕೊಳ್ಳುವುದು. ಮಲಪ್ಪುರಂ ಮತ್ತು ಕಲ್ಲಿಕೋಟೆಯಲ್ಲಿ ಜಾಲವನ್ನು ಹಬ್ಬಿಸಿದವರು ಸ್ವಯಂಸೇವಕರನ್ನು ವೈದ್ಯರ ಸಹಾಯಕರನ್ನಾಗಿ ಇಟ್ಟುಕೊಳ್ಳದೆ, ದಾದಿಯನ್ನು ನೇಮಿಸುವುದು, ಚಿಕಿತ್ಸಾಲಯ ಎಲ್ಲಿ ತೆರೆಯಬೇಕೆಂಬುದು, ಹಣ ಹೇಗೆ ಖರ್ಚಾಗಬೇಕೆಂಬುದು ಇವುಗಳ ತೀರ್ಮಾನವನ್ನು ಊರಿನವರ ಕೈಗೇ ಬಿಟ್ಟರು. ವೈದ್ಯಕೀಯ ವಲಯದಲ್ಲಿ ಇದಕ್ಕೆ ಆಕ್ಷೇಪಗಳು ಬಂದವು. ವೈದ್ಯಕೀಯ ಶಿಕ್ಷಣವಿಲ್ಲದ ಜನ ಆರೈಕೆಯ ಗುಣಮಟ್ಟವನ್ನು ಕಾಯಬಲ್ಲರೇ ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆದರೂ ಆ ನಿರ್ಧಾರ ಸರಿಯಾಗಿತ್ತು. ಹೇಳಿದ ಕೆಲಸವನ್ನಷ್ಟೇ ಮಾಡಿಕೊಂಡಿರುವ ಸ್ವಯಂಸೇವಕರು ಒಂದೆರಡು ವರ್ಷದಲ್ಲಿ ಬೇಸತ್ತು ಹಿಂದೆ ಸರಿಯುತ್ತಾರೆ. ತಾವೇ ಕಟ್ಟಿ ತಾವೇ ತೀರ್ಮಾನಿಸುವ ಸಂಸ್ಥೆಯನ್ನು ಜನ ಸುಲಭವಾಗಿ ಕೈಬಿಡುವುದಿಲ್ಲ.

ಮೂರನೆಯದು ಹಣ. ಈ ಬಳಗಗಳ ವೆಚ್ಚದ ದೊಡ್ಡ ಪಾಲು ಬಂದದ್ದು ಊರಿನೊಳಗಿನ ಸಣ್ಣ ಸಣ್ಣ ಕೊಡುಗೆಗಳಿಂದ: ಅಂಗಡಿಗಳಲ್ಲಿ ಇಟ್ಟ ಡಬ್ಬಿಗಳು, ಶಾಲಾ ಮಕ್ಕಳು ಕೂಡಿಸಿದ ಚಿಲ್ಲರೆ, ಬಸ್ ನೌಕರರು ಮತ್ತು ದಿನಗೂಲಿಯವರು ತಿಂಗಳು ತಿಂಗಳು ಕೊಡುವ ಅಲ್ಪ ಮೊತ್ತ. ಒಬ್ಬ ಸಿರಿವಂತ ದಾನಿ ಒಂದೇ ಸಲ ಕೊಡಬಹುದಾದ ಮೊತ್ತವನ್ನು ಸಾವಿರ ಜನರಿಂದ ಕೂಡಿಸುವುದು ತ್ರಾಸದ ದಾರಿಯಾದರೂ ಬಳಗ ಕಟ್ಟುವವರು ಅದನ್ನೇ ಹಿಡಿಯಬೇಕೆಂದು ಅಲ್ಲಿಯ ಅನುಭವಿಗಳು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹತ್ತು ರೂಪಾಯಿ ಕೊಟ್ಟವನಿಗೂ ಲೆಕ್ಕ ಕೇಳುವ ಹಕ್ಕು ಬರುತ್ತದೆ, ಕೇಳುವವರಿರುವ ಕಾರಣ ಲೆಕ್ಕ ಶುದ್ಧವಾಗಿರುತ್ತದೆ, ಮತ್ತು ನಾಳೆ ಆ ಹತ್ತು ರೂಪಾಯಿಯವನ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಬಳಗದ ನೆರವನ್ನು ಆತ ಭಿಕ್ಷೆಯೆಂದು ಭಾವಿಸದೆ ತನ್ನದೇ ಎಂದು ಸ್ವೀಕರಿಸಬಲ್ಲ. ನೆರವು ಪಡೆಯುವವರ ಮಾನ ಉಳಿಯುವುದು ಇಂಥ ಏರ್ಪಾಟಿನಲ್ಲಿಯೇ. ಅಕ್ಕಿ ಚೀಲ ಹಸ್ತಾಂತರಿಸುವಾಗ ರೋಗಿಯ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹಂಚುವ ಗುಂಪುಗಳು ಎಲ್ಲೆಡೆಯೂ ಇವೆ. ಅವುಗಳನ್ನು ಕರುಣೆಯ ಬಳಗದ ಲೆಕ್ಕಕ್ಕೆ ಸೇರಿಸಲಾಗದು.

ಬಳಗ ಆರಂಭವಾಗುವುದಕ್ಕಿಂತ ಬಾಳುವುದು ಕಷ್ಟ. ಮೊದಲ ವರ್ಷದ ಹುಮ್ಮಸ್ಸು ಇಳಿದ ಮೇಲೆ, ಆರೈಕೆ ಮಾಡಿದ ರೋಗಿಗಳು ಒಬ್ಬೊಬ್ಬರಾಗಿ ತೀರಿಕೊಳ್ಳತೊಡಗಿದಾಗ, ವಾರವಾರ ಭೇಟಿಯಾಗಿ ಆತ್ಮೀಯರಾದವರನ್ನು ಕಳೆದುಕೊಂಡ ದುಃಖ ಕಾರ್ಯಕರ್ತರೊಳಗೆ ಕೂಡುತ್ತ ಹೋಗುತ್ತದೆ. ಅದನ್ನು ಹೊರಹಾಕಲು ಜಾಗವಿಲ್ಲದಿದ್ದರೆ ಕೆಲವರು ಕಲ್ಲಾಗುತ್ತಾರೆ, ಕೆಲವರು ಬರುವುದನ್ನು ನಿಲ್ಲಿಸುತ್ತಾರೆ. ಆದಕಾರಣ ಬಳಗದ ನಿಯಮಿತ ಸಭೆ ಎಂಬುದು ವರದಿ ಒಪ್ಪಿಸುವ ಸಭೆಯಷ್ಟೇ ಆಗಿ ಉಳಿಯಬಾರದು. ಆ ವಾರ ಯಾವ ಮನೆಯಲ್ಲಿ ಏನು ಕಂಡಿತು, ಯಾವುದು ನಿದ್ದೆಗೆಡಿಸಿತು, ಎಲ್ಲಿ ತನ್ನಿಂದ ಏನೂ ಮಾಡಲಾಗಲಿಲ್ಲ ಎಂದು ಒಬ್ಬೊಬ್ಬರೂ ಹೇಳಿಕೊಳ್ಳಲು ಅಲ್ಲಿ ಹೊತ್ತಿರಬೇಕು. ರೋಗಿಯ ಎದುರು ಕೇಳಿಸಿಕೊಳ್ಳುವ ವಿದ್ಯೆಯನ್ನು ಕಲಿತವರು ಅದನ್ನು ಪರಸ್ಪರರ ನಡುವೆಯೂ ಬಳಸುವುದು ಹೀಗೆ. ತೀರಿಕೊಂಡವರ ಮನೆಗೆ ತಿಂಗಳ ಮೇಲೂ ಹೋಗಿಬರುವ ಪದ್ಧತಿ ಉಳಿದವರಿಗೆ ಆಸರೆಯಾಗುವಷ್ಟೇ ಕಾರ್ಯಕರ್ತರಿಗೂ ಆಸರೆಯಾಗುತ್ತದೆ.

ಇದರ ಜೊತೆಗೆ ಸಂಬಳ ಪಡೆಯುವ ಒಬ್ಬ ದಾದಿಯೂ ಕರೆದಾಗ ಸಿಗುವ ಒಬ್ಬ ವೈದ್ಯರೂ ಇಲ್ಲದಿದ್ದರೆ ಬಳಗ ಉಳಿಯುವುದಿಲ್ಲ. ನೋವಿನಿಂದ ಒದ್ದಾಡುವವನ ಪಕ್ಕದಲ್ಲಿ ಕೇವಲ ಒಳ್ಳೆಯ ಮಾತಿನೊಂದಿಗೆ ಕುಳಿತಿರುವುದು ಇಬ್ಬರಿಗೂ ಹಿಂಸೆ. ಸಮುದಾಯದ ಶಕ್ತಿಯನ್ನು ಹೊಗಳುವ ಬರಹಗಳು ಈ ಅಂಶವನ್ನು ಬೇಗ ದಾಟಿಬಿಡುತ್ತವೆಯಾದ್ದರಿಂದ ಒತ್ತಿ ಹೇಳಬೇಕಾಗಿದೆ: ಕೇರಳದ ಬಳಗಗಳು ವೈದ್ಯಕೀಯ ಸೇವೆಯ ಜಾಗವನ್ನು ತುಂಬಿದವಲ್ಲ, ಆ ಸೇವೆಯನ್ನು ಮನೆಯವರೆಗೆ ಎಳೆದು ತಂದವು. 2003ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಲಿಯೇಟಿವ್ ಮೆಡಿಸಿನ್ ಎಂಬ ತರಬೇತಿ ಕೇಂದ್ರ ಸ್ವಯಂಸೇವಕರಿಗೂ ದಾದಿಯರಿಗೂ ವೈದ್ಯರಿಗೂ ಒಂದೇ ಸೂರಿನಡಿ ಕಲಿಸಿದ್ದರಿಂದ ಈ ಮೂವರ ನಡುವೆ ಒಂದು ಸಮಾನ ಭಾಷೆ ಬೆಳೆಯಿತು.

2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯ ನೀತಿಯನ್ನು ಪ್ರಕಟಿಸಿತು. ದೇಶದ ಯಾವ ರಾಜ್ಯವೂ ಅದಕ್ಕೆ ಮೊದಲು ಇಂಥ ನೀತಿಯನ್ನು ಮಾಡಿರಲಿಲ್ಲ. ಮುಂದಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಗಳು ಮತ್ತು ನಗರಸಭೆಗಳು ತಮ್ಮ ಅನುದಾನದಿಂದ ಮನೆ ಆರೈಕೆಯ ದಾದಿಯರನ್ನು ನೇಮಿಸಿಕೊಂಡವು. ಇದು ಸಾಧ್ಯವಾದದ್ದು 1996ರ ಜನಕೀಯ ಯೋಜನೆ ಎಂಬ ವಿಕೇಂದ್ರೀಕರಣ ಕಾರ್ಯಕ್ರಮದಿಂದ ಅಲ್ಲಿಯ ಸ್ಥಳೀಯ ಸಂಸ್ಥೆಗಳ ಕೈಗೆ ಯೋಜನಾ ವೆಚ್ಚದ ಮೂರನೆಯ ಒಂದು ಪಾಲಿಗೂ ಹೆಚ್ಚಿನ ಹಣ ಬಂದಿದ್ದರಿಂದ ಎಂಬುದನ್ನು ಮರೆಯುವಂತಿಲ್ಲ. ಸರ್ಕಾರದ ಪ್ರವೇಶದಿಂದ ಆರೈಕೆ ರಾಜ್ಯದ ಮೂಲೆಮೂಲೆಗೂ ತಲುಪಿತು. ಅದೇ ವೇಳೆ ಕೆಲವೆಡೆ ದಾದಿ ಬಂದುಹೋಗುವುದೇ ಆರೈಕೆಯೆಂಬ ಭಾವನೆ ಬಲಿತು ನೆರೆಯವರು ಹಿಂದೆ ಸರಿದರು, ಇನ್ನು ಕೆಲವೆಡೆ ರಾಜಕೀಯ ಪಕ್ಷಗಳು ಮತ್ತು ಮತಧರ್ಮಗಳ ಸಂಘಗಳು ತಮ್ಮ ತಮ್ಮ ಹೆಸರಿನಲ್ಲಿ ಪ್ರತ್ಯೇಕ ಘಟಕಗಳನ್ನು ತೆರೆದವು. ರೋಗಿಯ ಮನೆಗೆ ಹೋಗಲು ಹೆಚ್ಚು ಜನ ಪೈಪೋಟಿ ನಡೆಸುವುದರಲ್ಲಿ ಕೇಡೇನಿಲ್ಲವೆಂದು ವಾದಿಸುವವರಿದ್ದಾರೆ. ಆದರೆ ಆರೈಕೆ ಪಡೆದವನು ಯಾವ ಪಕ್ಷಕ್ಕೂ ಋಣಿಯಾಗಬಾರದೆಂಬುದು ಬಳಗದ ತರಬೇತಿಯ ಮೊದಲ ದಿನವೇ ಹೇಳಬೇಕಾದ ಮಾತು. ಹೆಂಗಸರ ಪ್ರಶ್ನೆಯೂ ಇದೆ. ಮನೆಯೊಳಗಿನ ಆರೈಕೆಯ ಹೊರೆ ಬಹುಪಾಲು ಹೆಂಡತಿ, ಸೊಸೆ, ಮಗಳ ಮೇಲೆಯೇ ಬೀಳುತ್ತದೆ; ಬಳಗ ಅವರಿಗೆ ವಾರದಲ್ಲಿ ಅರ್ಧ ದಿನವಾದರೂ ಬಿಡುವು ಕೊಡಿಸದಿದ್ದರೆ, ಮತ್ತು ಸಭೆಯ ಹೊತ್ತನ್ನು ಅವರಿಗೆ ಅನುಕೂಲವಾಗುವಂತೆ ಇರಿಸಿ ತೀರ್ಮಾನದಲ್ಲಿ ಅವರನ್ನು ಸೇರಿಸಿಕೊಳ್ಳದಿದ್ದರೆ, ಕರುಣೆಯ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಇದೇ ಬಗೆಯ ಪ್ರಯತ್ನಗಳು ಬೇರೆಡೆಯೂ ನಡೆದಿವೆ. ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದ ಫ್ರೂಮ್ ಎಂಬ ಪಟ್ಟಣದಲ್ಲಿ 2013ರಿಂದ ವೈದ್ಯೆ ಹೆಲೆನ್ ಕಿಂಗ್‌ಸ್ಟನ್ ಮತ್ತು ಅವರ ಸಹೋದ್ಯೋಗಿಗಳು ಒಂಟಿತನದಿಂದ ಬಳಲುವ ರೋಗಿಗಳನ್ನು ಊರಿನ ಗುಂಪುಗಳಿಗೆ ಜೋಡಿಸಲು ಸಾಮಾನ್ಯ ನಾಗರಿಕರಿಗೆ ಕಿರು ತರಬೇತಿ ಕೊಟ್ಟು ‘ಸಮುದಾಯ ಜೋಡಕ’ರನ್ನು ತಯಾರು ಮಾಡಿದರು, 2017ರ ಕೊನೆಯ ಹೊತ್ತಿಗೆ ಅಲ್ಲಿ ತುರ್ತಾಗಿ ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆ ಶೇ 14ರಷ್ಟು ಇಳಿಯಿತು, ಅದೇ ಅವಧಿಯಲ್ಲಿ ಸುತ್ತಲಿನ ಪ್ರಾಂತದಲ್ಲಿ ಅದು ಶೇ 28ಕ್ಕೂ ಹೆಚ್ಚು ಏರಿತ್ತು. ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಆರಂಭಿಸಿದ ಗೆಳೆತನದ ಬೆಂಚು ಎಂಬ ಯೋಜನೆಯಲ್ಲಿ, ತರಬೇತಿ ಪಡೆದ ಅಜ್ಜಿಯರು ಚಿಕಿತ್ಸಾಲಯದ ಹೊರಗಿನ ಮರದ ಬೆಂಚಿನ ಮೇಲೆ ಕುಳಿತು ಖಿನ್ನತೆಯಿಂದ ನರಳುವವರ ಮಾತು ಕೇಳುತ್ತಾರೆ. ಅಲ್ಲಿಂದ ಮುಂದೆ ಅವರನ್ನು ಒಂದು ಗೆಳೆಯರ ವಲಯಕ್ಕೆ ಸೇರಿಸಲಾಗುತ್ತದೆ, ಆ ವಲಯದವರು ಕೂಡಿ ಕೈಕಸುಬು ಮಾಡುತ್ತ ತಮ್ಮ ಕಷ್ಟಸುಖ ಹಂಚಿಕೊಳ್ಳುತ್ತಾರೆ. 573 ಜನರನ್ನು ಒಳಗೊಂಡ ವೈದ್ಯಕೀಯ ಪ್ರಯೋಗವೊಂದು 2016ರಲ್ಲಿ ಇದರ ಪರಿಣಾಮವನ್ನು ದೃಢಪಡಿಸಿತು. ದೇಶ, ಕಾಯಿಲೆ ಬೇರೆಯಾದರೂ ಎಲ್ಲ ಕಡೆಯೂ ಕಲಿಸಿದ್ದು ಮೊದಲಿಗೆ ಕೇಳಿಸಿಕೊಳ್ಳುವುದನ್ನೇ, ಮತ್ತು ಕಲಿತವರನ್ನು ಒಂಟಿಯಾಗಿ ಬಿಡದೆ ಗುಂಪಿನಲ್ಲಿ ನಿಲ್ಲಿಸಲಾಯಿತು.

ಕರ್ನಾಟಕಕ್ಕೆ ಈ ವಿಚಾರ ಪೂರ್ತಿ ಹೊಸದಲ್ಲ. ತಜ್ಞರ ಕೈಯಲ್ಲಿದ್ದ ಅರಿವನ್ನು ಸಾಮಾನ್ಯ ಕಾರ್ಯಕರ್ತರಿಗೆ ದಾಟಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತನ್ನ ಸಕಲವಾರ ಗ್ರಾಮೀಣ ಕೇಂದ್ರದಲ್ಲಿ 1970ರ ದಶಕದಲ್ಲೇ ಆರಂಭಿಸಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು; ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿ ಪ್ರಯೋಗವೇ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಕನ್ನಡ, ತುಳು ಮಾತಾಡುವವರೂ ಇರುವ ಕೇರಳದ ಕಾಸರಗೋಡು ಜಿಲ್ಲೆಯ ಮತ್ತು ನೆರೆಯ ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ದಶಕಗಳ ಕಾಲ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳು ಮತ್ತು ಹಿರಿಯರು ಗಡಿಯ ಎರಡೂ ಬದಿಗಳಲ್ಲಿದ್ದಾರೆ. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳ ಆರೈಕೆಯಲ್ಲೇ ಆಯುಷ್ಯ ಸವೆಸುತ್ತಿರುವ ತಾಯಂದಿರಿಗೆ ಪರಿಹಾರಧನದಷ್ಟೇ ಅಗತ್ಯವಾದದ್ದು ಬಾಗಿಲು ತಟ್ಟಿ ಒಳಗೆ ಬರುವ ನೆರೆಯವರು.

ಕೇರಳದ ಮಾದರಿಯನ್ನು ಇದ್ದಂತೆಯೇ ಇಲ್ಲಿ ನೆಡಲಾಗದು. ಅಲ್ಲಿಯ ಮನೆಗಳು ಒಂದಕ್ಕೊಂದು ಹತ್ತಿರ, ಆರೋಗ್ಯ ಕೇಂದ್ರಗಳು ದಟ್ಟ, ಪಂಚಾಯಿತಿಗಳ ಕೈಯಲ್ಲಿ ಹಣ ಹೆಚ್ಚು. ಕಲಬುರಗಿ ಅಥವಾ ಚಾಮರಾಜನಗರದ ಹಳ್ಳಿಯ ಪರಿಸ್ಥಿತಿ ಬೇರೆ. ಇಲ್ಲಿ ಜಾತಿಯ ಕೇರಿಗಳು ಬೇರೆ ಬೇರೆಯಾಗಿರುವಾಗ ಒಂದು ಕೇರಿಯವರಷ್ಟೇ ಕೂಡಿದ ಬಳಗ ಇನ್ನೊಂದು ಕೇರಿಯ ಹಾಸಿಗೆಯ ಬಳಿ ಹೋಗದೆ ಉಳಿಯುವ ಅಪಾಯ ನಿಜವಾದದ್ದು. ಆದ್ದರಿಂದ ಇಲ್ಲಿಯ ತರಬೇತಿಯಲ್ಲಿ ಈ ಮಾತನ್ನು ಸಂಕೋಚವಿಲ್ಲದೆ ಎತ್ತಿಕೊಳ್ಳಬೇಕು ಮತ್ತು ಬಳಗದಲ್ಲಿ ಎಲ್ಲ ಕೇರಿಗಳವರೂ ಇರುವಂತೆ ಮೊದಲಿನಿಂದಲೇ ನೋಡಿಕೊಳ್ಳಬೇಕು. ಹಳ್ಳಿಹಳ್ಳಿಗಳಲ್ಲಿರುವ ಸ್ತ್ರೀಶಕ್ತಿ ಸಂಘಗಳು, ಹಾಲು ಉತ್ಪಾದಕರ ಸಂಘಗಳು, ಗ್ರಂಥಾಲಯಗಳು ಬಳಗ ಮೊಳೆಯಲು ತಕ್ಕ ಜಾಗಗಳು. ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಪರಿಚಯವಿರುವುದರಿಂದ ಅವರ ನೆರವಿಲ್ಲದೆ ಪಟ್ಟಿ ಮಾಡುವುದೇ ಕಷ್ಟ. ಆದರೆ ಅಲ್ಪ ಗೌರವಧನಕ್ಕೆ ಈಗಾಗಲೇ ಹತ್ತು ಬಗೆಯ ಕೆಲಸ ಹೊತ್ತಿರುವ ಅವರ ತಲೆಯ ಮೇಲೆ ಇದನ್ನೂ ಹೊರಿಸಿ ಕರುಣೆಯ ಹೆಸರಿಡುವುದು ಅನ್ಯಾಯ.

ಪ್ರತಿವರ್ಷ ಜಗತ್ತಿನಲ್ಲಿ ಸುಮಾರು 5.68 ಕೋಟಿ ಜನರಿಗೆ ಉಪಶಮನ ಆರೈಕೆಯ ಅಗತ್ಯ ಬೀಳುತ್ತದೆಯೆಂದೂ ಅವರಲ್ಲಿ ಶೇ 14ರಷ್ಟು ಮಂದಿಗೆ ಮಾತ್ರ ಅದು ಸಿಗುತ್ತಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸಾವು ಮತ್ತು ಸಾವಿನಂಚಿನ ಬದುಕನ್ನು ಕುರಿತು 2022ರಲ್ಲಿ ವರದಿ ನೀಡಿದ ಲ್ಯಾನ್ಸೆಟ್ ಪತ್ರಿಕೆಯ ಆಯೋಗ, ವೈದ್ಯರಿಂದಷ್ಟೇ ತುಂಬಲಾಗದ ಈ ಅಂತರಕ್ಕೆ ನಡೆದು ತೋರಿಸಿದ ಉದಾಹರಣೆಯಾಗಿ ಕೇರಳವನ್ನು ಎತ್ತಿ ಹಿಡಿಯಿತು. ಕರ್ನಾಟಕದಲ್ಲಿ ಇಂಥ ಬಳಗವನ್ನು ಕಟ್ಟಲು ಮನಸ್ಸು ಮಾಡುವವರು ಮೊದಲ ದಿನ ವೇದಿಕೆ, ಉದ್ಘಾಟಕರು, ಶಾಲು ಹಾರಗಳನ್ನು ಹುಡುಕದೆ, ಊರಿನ ಆಶಾ ಕಾರ್ಯಕರ್ತೆಯೊಡನೆ ಒಂದು ಮಧ್ಯಾಹ್ನ ಕುಳಿತು ಹಾಸಿಗೆ ಹಿಡಿದವರ ಹೆಸರುಗಳನ್ನು ಬರೆದುಕೊಳ್ಳಲಿ, ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯರನ್ನೂ ಒಬ್ಬ ದಾದಿಯನ್ನೂ ಕಂಡು ಒಪ್ಪಿಸಲಿ, ತರಬೇತಿಗೆ ತಮ್ಮ ಜೊತೆ ಬೇರೆ ಬೇರೆ ಕೇರಿಗಳ ನಾಲ್ವರನ್ನು ಕರೆದುಕೊಂಡು ಹೋಗಲಿ. ಮತ್ತು ಗ್ರಾಮ ಪಂಚಾಯಿತಿಗಳು ಬರುವ ವರ್ಷದ ಕ್ರಿಯಾಯೋಜನೆಯಲ್ಲಿ ಮನೆ ಆರೈಕೆಯ ದಾದಿಯೊಬ್ಬರ ಸಂಬಳಕ್ಕೆ ಹಣ ತೆಗೆದಿರಿಸಲಿ.